ಇಂಟರ್‌ಕಾಮ್ ಸಣ್ಣಗೆ ಕೇಳಿಸುತ್ತಿದೆಯೇ? ಎರಡನೆಯ ಪೆಟ್ಟಿಗೆಯನ್ನು ಕಳಚಿ

ನಾಟಕೋತ್ಸವಗಳ ಕಾಲ ಬಂತೆಂದರೆ ನನಗೆ ಒಂದೇ ಬಗೆಯ ಕರೆಗಳು ಬರತೊಡಗುತ್ತವೆ. "ಸಾರ್, ಹೆಡ್‌ಸೆಟ್‌ನಲ್ಲಿ ಮಾತು ಸಣ್ಣಗೆ ಕೇಳಿಸುತ್ತಿದೆ. ಇನ್ನೊಂದು ಪವರ್ ಸಪ್ಲೈ ತಂದು ಸೇರಿಸಿದ್ದೇವೆ, ಈಗ ಇನ್ನೂ ಸಣ್ಣಗಾಗಿದೆ. ಮೂರನೆಯದನ್ನು ತರಿಸೋಣವೇ?" ಬೇಡ, ಎರಡನೆಯದನ್ನೂ ಕಳಚಿ ಎಂದರೆ ಆ ಕಡೆಯಿಂದ ಉತ್ತರವಿಲ್ಲ. ಬಾಡಿಗೆ ಕೊಟ್ಟು ತಂದ ಪೆಟ್ಟಿಗೆಯನ್ನು ಮೂಲೆಗಿಡಲು ಯಾರಿಗೂ ಮನಸ್ಸು ಬರುವುದಿಲ್ಲ.

ನಾನು ಹೇಳುತ್ತಿರುವುದು ಇನ್ನೂರು ಮುನ್ನೂರು ಆಸನಗಳ ರಂಗಮಂದಿರದಲ್ಲಿ ಬಳಸುವ, ತಂತಿಯ ಮೂಲಕ ನಡೆಯುವ ಹಳೆಯ ಅನಲಾಗ್ ಪಾರ್ಟಿಲೈನ್ ಇಂಟರ್‌ಕಾಮ್ ಬಗ್ಗೆ: ರಂಗನಿರ್ವಾಹಕರು, ಲೈಟಿನವರು, ಸೌಂಡಿನವರು ಹೆಡ್‌ಸೆಟ್ ಹಾಕಿಕೊಂಡು ಒಂದೇ ಲೈನಿನಲ್ಲಿ ಮಾತಾಡಿಕೊಳ್ಳುವ ವ್ಯವಸ್ಥೆ. ಡಿಜಿಟಲ್ ವ್ಯವಸ್ಥೆಗಳ ನಿಯಮವೇ ಬೇರೆ, ಅವುಗಳಿಗೆ ಇದನ್ನು ಅನ್ವಯಿಸಬೇಡಿ. ತಂತಿ ಏಕೆ, ವಾಕಿಟಾಕಿ ಸಾಲದೇ ಎನ್ನುವ ಚರ್ಚೆಗೂ ಇಳಿಯುವುದಿಲ್ಲ. ಮೊಬೈಲಿನಲ್ಲಿ ಗುಂಪು ಕರೆ ಮಾಡಿಕೊಂಡು ಪ್ರಯೋಗ ನಡೆಸುವ ತಂಡಗಳಿವೆ. ವೇದಿಕೆ ಕತ್ತಲಾಗಬೇಕಾದ ಕ್ಷಣಕ್ಕೆ ಆಜ್ಞೆ ಅರ್ಧ ಸೆಕೆಂಡು ತಡವಾಗಿ ತಲುಪಿ, ಸತ್ತ ಪಾತ್ರ ಬೆಳಕಿನಲ್ಲೇ ಎದ್ದು ನಡೆಯುವುದನ್ನು ಒಮ್ಮೆ ನೋಡಿದ ನಿರ್ದೇಶಕರು ತಾವಾಗಿಯೇ ತಂತಿಗೆ ಮರಳುತ್ತಾರೆ.

ಜನರಿಗೆ ಅರ್ಥವಾಗದೇ ಉಳಿಯುವುದು ಈ ಲೈನಿನ ಸ್ವಭಾವ. ಇದು ಧ್ವನಿವರ್ಧಕವಲ್ಲ. ಸಭಾಂಗಣದಲ್ಲಿ ಶಬ್ದ ಸಾಲದಿದ್ದರೆ ಇನ್ನೊಂದು ಆಂಪ್ಲಿಫೈಯರ್, ಇನ್ನೊಂದು ಜೋಡಿ ಸ್ಪೀಕರ್ ಹಾಕುತ್ತೇವೆ, ಶಬ್ದ ಹೆಚ್ಚುತ್ತದೆ. ಆ ಅಭ್ಯಾಸವನ್ನೇ ಇಲ್ಲಿಗೂ ತರುತ್ತಾರೆ. ಪಾರ್ಟಿಲೈನ್‌ನಲ್ಲಿ ಎಲ್ಲರ ಬೆಲ್ಟ್‌ಪ್ಯಾಕ್‌ಗಳೂ (ಹೆಡ್‌ಸೆಟ್ ಚುಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಸಣ್ಣ ಸಾಧನಗಳು) ಒಂದೇ ತಂತಿಗೆ ಸಮಾನಾಂತರವಾಗಿ ತೂಗುಬಿದ್ದಿರುತ್ತವೆ. 1968ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಆರಂಭವಾದ ಕ್ಲಿಯರ್‌ಕಾಮ್ ಕಂಪನಿ ಬಳಕೆಗೆ ತಂದ ಜೋಡಣೆಯನ್ನೇ ನಮ್ಮಲ್ಲಿ ಬಾಡಿಗೆಗೆ ಸಿಗುವ ಹೆಚ್ಚಿನ ಸೆಟ್‌ಗಳು ಅನುಸರಿಸುತ್ತವೆ: ಮೈಕ್ ಕೇಬಲ್ಲಿನಲ್ಲಿರುವಂಥ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕನೆಕ್ಟರ್, ಒಂದನೆಯ ಪಿನ್ನು ಎಲ್ಲಕ್ಕೂ ಸಾಮಾನ್ಯವಾದ ಗ್ರೌಂಡ್, ಎರಡನೆಯದರಲ್ಲಿ ಸುಮಾರು 30 ವೋಲ್ಟ್ ಡಿ.ಸಿ. ವಿದ್ಯುತ್, ಮೂರನೆಯದರಲ್ಲಿ ಎಲ್ಲರ ಮಾತು. ಆರ್‌ಟಿಎಸ್ ಎಂಬ ಇನ್ನೊಂದು ಕಂಪನಿಯ ಪದ್ಧತಿಯಲ್ಲೂ ಇದೇ ಮೂರು ಪಿನ್ನು, ಆದರೆ ಎರಡನೆಯ ಪಿನ್ನಿನಲ್ಲಿ ವಿದ್ಯುತ್ತಿನ ಜೊತೆಗೆ ಒಂದು ಚಾನೆಲ್ಲಿನ ಮಾತೂ ಸಾಗುತ್ತದೆ, ಮೂರನೆಯದು ಇನ್ನೊಂದು ಚಾನೆಲ್. ಪ್ಲಗ್ ಸರಿಯಾಗಿ ಕೂರುತ್ತದೆ ಎಂಬ ಒಂದೇ ಕಾರಣಕ್ಕೆ ಎರಡನ್ನೂ ಬೆರೆಸಬೇಡಿ.

ಆ ಮೂರನೆಯ ತಂತಿಯನ್ನೇ ನೋಡೋಣ. ಬೆಲ್ಟ್‌ಪ್ಯಾಕ್ ನಿಮ್ಮ ಮಾತನ್ನು ಸಣ್ಣದೊಂದು ವಿದ್ಯುತ್ ಪ್ರವಾಹವಾಗಿ ಲೈನಿಗೆ ತಳ್ಳುತ್ತದೆ. ಲೈನಿಗೆ ಒಂದು ಕಡೆ ಸುಮಾರು 200 ಓಮ್‌ನ ರೋಧಕವೊಂದನ್ನು ಕಟ್ಟಿರುತ್ತಾರೆ, ಇದೇ ಟರ್ಮಿನೇಷನ್. ಪ್ರವಾಹ ಆ ರೋಧಕದ ಮೂಲಕ ಹರಿದಾಗ ಅಲ್ಲಿ ವೋಲ್ಟೇಜ್ ಹುಟ್ಟುತ್ತದೆ, ಉಳಿದವರ ಕಿವಿಗೆ ಬೀಳುವುದು ಆ ವೋಲ್ಟೇಜ್. ಕಾರ್ಖಾನೆಯವರು ಎಲ್ಲ ಲೆಕ್ಕವನ್ನೂ ಈ ಒಂದು ರೋಧಕವನ್ನು ನಂಬಿಕೊಂಡೇ ಮಾಡಿರುತ್ತಾರೆ.

ಅದು ಎಲ್ಲಿರುತ್ತದೆ? ಸಾಮಾನ್ಯವಾಗಿ ಮಾಸ್ಟರ್ ಸ್ಟೇಷನ್ ಎಂಬ ಮುಖ್ಯ ಪೆಟ್ಟಿಗೆ ಅಥವಾ ಪವರ್ ಸಪ್ಲೈ ಪೆಟ್ಟಿಗೆಯ ಒಳಗೆ. ಆದ್ದರಿಂದ ನೀವು ಎರಡನೆಯ ಪವರ್ ಸಪ್ಲೈ ತಂದು ಸೇರಿಸಿದಾಗ ಅದರ ಜೊತೆಗೆ ಎರಡನೆಯ 200 ಓಮ್ ಕೂಡ ಬರುತ್ತದೆ, ಯಾರೂ ಕರೆಯದಿದ್ದರೂ. ಎರಡು ರೋಧಕಗಳು ಸಮಾನಾಂತರವಾದಾಗ 100 ಓಮ್. ಮಾತಿನ ವೋಲ್ಟೇಜ್ ಅರ್ಧಕ್ಕೆ ಇಳಿಯಿತು, ಅಂದರೆ 6 ಡೆಸಿಬಲ್ ನಷ್ಟ. ಮೂರನೆಯದನ್ನೂ ತಂದರೆ 67 ಓಮ್, ಮಾತು ಮೂರರಲ್ಲಿ ಒಂದು ಭಾಗ. ಹೊಸ ಪೆಟ್ಟಿಗೆಯ ದೀಪ ಹೊಳೆಯುತ್ತಿದೆ, ವಿದ್ಯುತ್ ಧಾರಾಳವಾಗಿದೆ, ಆದರೆ ಲೈಟಿನವರಿಗೆ ಏನೂ ಕೇಳಿಸುತ್ತಿಲ್ಲ.

ಇಲ್ಲಿ ಯಾರಾದರೂ ಜಾಣರು ಕೇಳುತ್ತಾರೆ: "ಹಾಗಾದರೆ ಬೆಲ್ಟ್‌ಪ್ಯಾಕ್ ಹೆಚ್ಚಿಸಿದರೂ ಮಾತು ಕುಗ್ಗಬೇಕಲ್ಲವೇ?" ಕುಗ್ಗುತ್ತದೆ, ಆದರೆ ಗಮನಕ್ಕೆ ಬರುವಷ್ಟಲ್ಲ. ಒಂದೊಂದು ಬೆಲ್ಟ್‌ಪ್ಯಾಕ್ ಲೈನಿಗೆ ಹತ್ತು ಸಾವಿರ ಓಮ್‌ಗೂ ಹೆಚ್ಚಾಗಿ ಕಾಣುವಂತೆ ಮಾಡಿರುತ್ತಾರೆ. ಹತ್ತು ಬೆಲ್ಟ್‌ಪ್ಯಾಕ್ ಒಟ್ಟಿಗೆ ಸೇರಿದರೂ ಸಾವಿರ ಓಮ್‌ನ ಹೊರೆ. ಅದು 200 ಓಮ್‌ನ ಪಕ್ಕ ನಿಂತಾಗ ನಷ್ಟ ಎರಡು ಡೆಸಿಬಲ್ಲಿನ ಒಳಗೇ. ತೋಟದ ಕಾಲುವೆಯಿಂದ ಹತ್ತು ಮಂದಿ ಚೊಂಬಿನಲ್ಲಿ ನೀರು ಮೊಗೆದುಕೊಂಡರೆ ಮಟ್ಟ ಇಳಿಯುವುದಿಲ್ಲ, ಇನ್ನೊಂದು ತೂಬು ತೆಗೆದರೆ ಇಳಿಯುತ್ತದೆ. ಆದ್ದರಿಂದ ಕೇಳುವವರ ಸಂಖ್ಯೆಗೆ ಹೆದರಬೇಡಿ, ಪೆಟ್ಟಿಗೆಗಳ ಸಂಖ್ಯೆಗೆ ಹೆದರಿ.

ಇದರ ತಿರುಗುಮುರುಗು ತಪ್ಪೂ ಉಂಟು. ಪೆಟ್ಟಿಗೆಯ ಹಿಂಬದಿಯಲ್ಲಿ ಟರ್ಮಿನೇಷನ್ ಆನ್, ಆಫ್ ಮಾಡುವ ಸಣ್ಣ ಸ್ವಿಚ್ಚು ಕೆಲವು ಮಾದರಿಗಳಲ್ಲಿರುತ್ತದೆ. ಸಾಗಣೆಯಲ್ಲಿ ಯಾರದೋ ಬೆರಳು ತಗಲಿ ಅದು ಆಫ್ ಆಯಿತೆನ್ನಿ. ಈಗ ಲೈನಿಗೆ ಆಧಾರವೇ ಇಲ್ಲ, ಮಾತು ವಿಪರೀತ ಜೋರು, ಒಬ್ಬರು ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟರೆ ಕುಂಯ್ ಎಂದು ಊಳಿಡುತ್ತದೆ. ಬೆಲ್ಟ್‌ಪ್ಯಾಕ್ ಒಳಗೆ ನಿಮ್ಮ ಸ್ವಂತ ಮಾತು ನಿಮ್ಮ ಕಿವಿಗೆ ಎಷ್ಟು ಮರಳಬೇಕೆಂದು ನಿಯಂತ್ರಿಸುವ ಸೈಡ್‌ಟೋನ್ ಎಂಬ ವ್ಯವಸ್ಥೆ ಇದೆ, ಅದನ್ನು ಹೊಂದಿಸಿರುವುದೂ ಆ 200 ಓಮ್‌ಗೇ. ಟರ್ಮಿನೇಷನ್ ಹೆಚ್ಚಾದರೂ ಕೆಟ್ಟಿತು, ಇಲ್ಲದಿದ್ದರೂ ಕೆಟ್ಟಿತು. ಒಂದು ಚಾನೆಲ್ಲಿಗೆ ಒಂದೇ.

ಒಂದು ಜಿಲ್ಲಾ ಕೇಂದ್ರದ ಸಭಾಂಗಣದಲ್ಲಿ ಇದು ಪೂರ್ತಿ ಪ್ರಹಸನವೇ ಆಗಿತ್ತು. ಸಭಾಂಗಣದ್ದೇ ಒಂದು ಸೆಟ್ ಇತ್ತು, ಬಂದ ತಂಡ ತನ್ನದನ್ನೂ ತಂದಿತ್ತು. ಎರಡೂ ಕಡೆಯ ತಂತ್ರಜ್ಞರು ಸೌಜನ್ಯದಿಂದ ಎರಡನ್ನೂ ಜೋಡಿಸಿದರು. ರಂಗನಿರ್ವಾಹಕಿ ಪಿಸುಗುಟ್ಟಿದರೆ ಹಿಂದಿನ ಕೊಠಡಿಯ ಲೈಟಿನ ಹುಡುಗನಿಗೆ ತಲುಪುತ್ತಿರಲಿಲ್ಲ. ಆಕೆ ದನಿ ಏರಿಸಿದರು. ಎರಡನೆಯ ಅಂಕದ ಹೊತ್ತಿಗೆ "ಲೈಟ್ ಹದಿನೇಳು, ಗೋ" ಎನ್ನುವುದು ಮುಂದಿನ ಸಾಲಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನಾಟಕ ಮುಗಿದ ಮೇಲೆ ಹಿರಿಯರೊಬ್ಬರು ನಿರ್ದೇಶಕರ ಕೈಕುಲುಕಿ, ತೆರೆಮರೆಯಿಂದ ಸಂಖ್ಯೆ ಹೇಳುವ ಆ ಪಾತ್ರ ಬಹಳ ಅರ್ಥಗರ್ಭಿತವಾಗಿತ್ತು ಎಂದು ಮೆಚ್ಚಿಕೊಂಡರು. ನಿರ್ದೇಶಕರು ಧನ್ಯವಾದ ಹೇಳಿದರು. ಇನ್ನೇನು ಹೇಳಿಯಾರು?

ಎರಡು ಸೆಟ್‌ಗಳನ್ನು ಜೋಡಿಸಲೇಬೇಕಾದ ಸಂದರ್ಭ ಬರುವುದಿಲ್ಲವೆಂದಲ್ಲ. ಆಗ ಒಂದು ಪೆಟ್ಟಿಗೆಯ ಟರ್ಮಿನೇಷನ್ ಆಫ್ ಮಾಡಬೇಕು, ಮತ್ತು ಎರಡರ ನಡುವಿನ ಕೇಬಲ್ಲಿನಲ್ಲಿ ಎರಡನೆಯ ಪಿನ್ನಿನ ತಂತಿಯನ್ನು ಬಿಟ್ಟು ಒಂದು ಮತ್ತು ಮೂರನ್ನು ಮಾತ್ರ ಜೋಡಿಸಬೇಕು. ಇಲ್ಲದಿದ್ದರೆ ಎರಡು ಪವರ್ ಸಪ್ಲೈಗಳು ಒಂದೇ ತಂತಿಯಲ್ಲಿ ಜಗಳಕ್ಕೆ ನಿಲ್ಲುತ್ತವೆ. ಇದು ಸಾಮಾನ್ಯವಾಗಿ ನಡೆಯುವ ಕ್ರಮ. ನಿಮ್ಮ ಮಾದರಿಯ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯ ಮಾತೇ ಸರಿ. ಎರಡು ಚಾನೆಲ್ಲುಗಳ ಮಾಸ್ಟರ್ ಇದ್ದವರು ಎ ಮತ್ತು ಬಿ ಚಾನೆಲ್ಲುಗಳನ್ನು ವೈ ಕೇಬಲ್ ಹಾಕಿ ಕೂಡಿಸುವುದೂ ಇದೇ ತಪ್ಪು. ಪ್ರತಿ ಚಾನೆಲ್ಲಿಗೂ ಅದರದೇ ಟರ್ಮಿನೇಷನ್ ಇರುತ್ತದೆ. ಕೂಡಿಸಲು ಮಾಸ್ಟರ್‌ನಲ್ಲೇ ಗುಂಡಿ ಇದ್ದರೆ ಅದನ್ನೇ ಒತ್ತಿ.

ಟರ್ಮಿನೇಷನ್ ಎಷ್ಟಿದೆ ಎಂದು ಮಲ್ಟಿಮೀಟರ್ ಹಿಡಿದು ಹುಡುಕುವ ಉತ್ಸಾಹಿಗಳಿಗೆ ಒಂದು ಮಾತು. ಗಮನ ಸೆಳೆಯಲು ಬೆಲ್ಟ್‌ಪ್ಯಾಕ್‌ನಲ್ಲಿ ಮಿನುಗುವ ಕರೆದೀಪವನ್ನು ಬೆಳಗಿಸುವ ಸಂಕೇತವೂ ಆ ಮೂರನೆಯ ತಂತಿಯಲ್ಲೇ ಡಿ.ಸಿ. ರೂಪದಲ್ಲಿ ಸಾಗುತ್ತದೆ. ಅದನ್ನು ನುಂಗಿಬಿಡದಂತೆ ಟರ್ಮಿನೇಷನ್ನನ್ನು ಕೆಪಾಸಿಟರ್ ಮೂಲಕ, ಧ್ವನಿಗೆ ಮಾತ್ರ ಕಾಣುವಂತೆ ಕಟ್ಟಿರುತ್ತಾರೆ. ಮೀಟರ್ 200 ತೋರಿಸುವುದಿಲ್ಲ, ನೀವು ಒಳ್ಳೆಯ ಪೆಟ್ಟಿಗೆಯನ್ನು ಕೆಟ್ಟಿದೆ ಎಂದುಕೊಳ್ಳುತ್ತೀರಿ. ಕಿವಿಯೇ ಸಾಕು: ಒಬ್ಬರು ಸಮನಾಗಿ ಓದುತ್ತಿರಲಿ, ಇನ್ನೊಬ್ಬರು ಅನುಮಾನದ ಪೆಟ್ಟಿಗೆಯನ್ನು ಕಳಚಲಿ. ಮಾತು ಥಟ್ಟನೆ ಜೋರಾಯಿತೇ, ಕಳ್ಳ ಸಿಕ್ಕಿದ.

ಕರೆದೀಪ ಎಂದಾಗ ಒಬ್ಬರು ನೆನಪಾಗುತ್ತಾರೆ. ನನಗೆ ಬಹಳ ಇಷ್ಟದ ಹಿರಿಯ ಬೆಳಕಿನ ತಜ್ಞರು, ಹೆಡ್‌ಸೆಟ್ ಹಾಕಿಕೊಳ್ಳಲು ಒಪ್ಪುವುದೇ ಇಲ್ಲ. "ನಾಟಕ ನನಗೆ ಬಾಯಿಪಾಠ ಇದೆ ಸ್ವಾಮಿ, ನಟನ ಉಸಿರು ನೋಡಿ ಡಿಮ್ಮರ್ ಎಳೆಯುತ್ತೇನೆ" ಎನ್ನುತ್ತಾರೆ. ಎಳೆಯುತ್ತಾರೆ ಕೂಡ, ಅಷ್ಟು ನಯವಾಗಿ ಎಳೆಯುವವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ನಟನೊಬ್ಬ ಮಾತು ಮರೆತು ಎರಡು ಪುಟ ಹಾರಿಸಿದ ದಿನ ಮಾತ್ರ ಅವರ ಬಾಯಿಪಾಠ ಕೈಕೊಟ್ಟಿತು. ಆ ಬಳಿಕ ಒಂದು ಒಪ್ಪಂದವಾಗಿದೆ. ಬೆಲ್ಟ್‌ಪ್ಯಾಕ್ ಅವರ ಮೇಜಿನ ಮೇಲಿರುತ್ತದೆ, ಹೆಡ್‌ಸೆಟ್ ಪಕ್ಕದಲ್ಲಿ, ಮೈಕ್ ಆಫ್. ದೀಪ ಮಿನುಗಿದರೆ ಮಾತ್ರ ಅವರು ಅದನ್ನು ಕಿವಿಗಿಡುತ್ತಾರೆ. ಎಲ್ಲರ ಕಿವಿಗೂ ಕಡ್ಡಾಯವಾಗಿ ಹೆಡ್‌ಸೆಟ್ ತೊಡಿಸುವುದೇ ವ್ಯವಸ್ಥೆ ಎಂದು ನಾನು ನಂಬುವುದಿಲ್ಲ. ಚಿಕ್ಕ ರಂಗಮಂದಿರಕ್ಕೆ ರಂಗನಿರ್ವಾಹಕರು, ಲೈಟು, ಸೌಂಡು, ಎದುರಿನ ವಿಂಗು, ಬಾಗಿಲು, ಇಷ್ಟು ಕಡೆ ಇದ್ದರೆ ಧಾರಾಳವಾಯಿತು.

ಮಾತು ಸಣ್ಣಗೆ ಎಂಬ ದೂರಿಗೆ ಇನ್ನೊಂದು ಮೂಲವಿದೆ, ಅದಕ್ಕೆ ತಂತಿಯ ದೋಷವಿಲ್ಲ: ಮಾತಾಡದವರೂ ಮೈಕ್ ತೆರೆದಿಟ್ಟುಕೊಂಡಿರುವುದು. ಸೌಂಡಿನವರ ಪಕ್ಕದ ಸ್ಪೀಕರ್, ವಿಂಗಿನ ಫ್ಯಾನು, ಬಾಗಿಲಲ್ಲಿ ನಿಂತವರ ಚಕ್ಕುಲಿ, ಎಲ್ಲವೂ ಅದೇ ತಂತಿಗೆ ಸೇರಿ ರಂಗನಿರ್ವಾಹಕರ ಮಾತನ್ನು ಮುಚ್ಚುತ್ತವೆ. ಎಲ್ಲರೂ ವಾಲ್ಯೂಮ್ ತಿರುಗಿಸುತ್ತಾರೆ, ಗದ್ದಲವೂ ಅಷ್ಟೇ ಏರುತ್ತದೆ. ಹೊಸ ಸೆಟ್ ಬೇಕೆಂದು ಕರೆ ಮಾಡುವ ಮೊದಲು ಎಲ್ಲರ ಮೈಕ್ ಆಫ್ ಮಾಡಿಸಿ, ಒಬ್ಬರೇ ಮಾತಾಡಿ ನೋಡಿ.

ಗುಂಯ್‌ಗುಡುವಿಕೆ ಬೇರೆ ಕಾಯಿಲೆ. ಈ ಪದ್ಧತಿಯಲ್ಲಿ ಮಾತು ಸಾಗುವುದು ಒಂದೇ ತಂತಿಯಲ್ಲಿ, ಮರಳುವುದು ಗ್ರೌಂಡ್‌ನಲ್ಲಿ. ಮೈಕ್ ಲೈನಿನಂತೆ ಹೊರಗಿನ ಗಲಾಟೆಯನ್ನು ತಾನೇ ರದ್ದು ಮಾಡಿಕೊಳ್ಳುವ ಸಮತೋಲನದ ಜೋಡಿ ಇಲ್ಲಿಲ್ಲ. ಡಿಮ್ಮರ್ ಕೇಬಲ್ಲುಗಳ ಜೊತೆ ಕಟ್ಟಿ ಎಳೆದರೆ ಲೈಟ್ ಅರ್ಧಕ್ಕೆ ಬಂದಾಗಲೆಲ್ಲ ಹೆಡ್‌ಸೆಟ್ಟಿನಲ್ಲಿ ಜೇನುಹುಳು. ಅಡ್ಡ ಹಾಯಲೇಬೇಕಿದ್ದರೆ ನೇರ ಅಡ್ಡವಾಗಿ ಹಾಯಿಸಿ, ಉದ್ದಕ್ಕೂ ಜೊತೆಗೆ ಮಲಗಿಸಬೇಡಿ. ಗೋಡೆಗೆ ಲೋಹದ ಪೆಟ್ಟಿಗೆ ಕೂರಿಸುವ ಎಲೆಕ್ಟ್ರಿಷಿಯನ್‌ಗೆ ಇನ್ನೊಂದು ಎಚ್ಚರಿಕೆ ಹೇಳಿ: ಒಂದನೆಯ ಪಿನ್ನನ್ನು ಕನೆಕ್ಟರಿನ ಲೋಹದ ಕವಚಕ್ಕೆ ಬೆಸೆಯಬಾರದು. ಅವರು ಒಳ್ಳೆಯ ಮನಸ್ಸಿನಿಂದ, ಅರ್ಥಿಂಗ್ ಇರಲಿ ಎಂದು ಬೆಸೆಯುತ್ತಾರೆ. ಆಗ ಕಟ್ಟಡದ ಅರ್ಥಿಂಗ್ ನಿಮ್ಮ ಮಾತಿನ ದಾರಿಯೊಳಗೆ ನುಗ್ಗುತ್ತದೆ. ಪೆಟ್ಟಿಗೆಯ ಅರ್ಥಿಂಗ್ ಸುರಕ್ಷತೆಗೆ ಬೇಕೇ ಬೇಕು, ಅದನ್ನು ಕತ್ತರಿಸಿ ಗುಂಯ್ ನಿಲ್ಲಿಸುವ ಕೆಲಸಕ್ಕೆ ಯಾರೂ ಕೈಹಾಕಬೇಡಿ. ಬೇರ್ಪಡಿಸಬೇಕಾದ್ದು ಪಿನ್ ಮತ್ತು ಕವಚದ ನಡುವಿನ ಬೆಸುಗೆ ಮಾತ್ರ.

ಕೇಬಲ್ಲಿಗೆ ಒಳ್ಳೆಯ ಮೈಕ್ ಕೇಬಲ್ಲೇ ಆಗುತ್ತದೆ, ಆದರೆ ಅದು ಮೈಕ್ ಕೇಬಲ್ಲಿನ ಹಾಗೆಯೇ ಕಾಣುತ್ತದೆ ಎನ್ನುವುದೇ ತೊಂದರೆ. ಎರಡನೆಯ ಪಿನ್ನಿನಲ್ಲಿ 30 ವೋಲ್ಟ್ ಹೊತ್ತ ತಂತಿಯನ್ನು ಅವಸರದಲ್ಲಿ ಮಿಕ್ಸರ್‌ಗೆ ಚುಚ್ಚುವುದು ಒಳ್ಳೆಯದಲ್ಲ. ವೇದಿಕೆಯ ಮೈಕ್‌ಗಳು ಹಾಯುವ ಮಲ್ಟಿಕೋರ್‌ನಲ್ಲಿ, ಅಂದರೆ ಹಲವು ಜೋಡಿ ತಂತಿಗಳ ದಪ್ಪ ಕೇಬಲ್ಲಿನಲ್ಲಿ, ಖಾಲಿ ಜೋಡಿ ಇದೆಯೆಂದು ಅದರೊಳಗೆ ಇಂಟರ್‌ಕಾಮ್ ಕಳಿಸಬೇಡಿ. ರಂಗನಿರ್ವಾಹಕರ ಗುಟ್ಟು ಸಭಾಂಗಣದ ಸ್ಪೀಕರಿನಲ್ಲಿ ಸಣ್ಣಗೆ ಹೊರಬರುತ್ತದೆ. ಇಂಟರ್‌ಕಾಮ್‌ಗೆ ಬೇರೆಯೇ ಬಣ್ಣದ ಕೇಬಲ್ ಇಡಿ. ಬಣ್ಣದ ಕೇಬಲ್ ಸಿಗದಿದ್ದರೆ ಎರಡು ತುದಿಗೂ ಟೇಪು ಸುತ್ತಿ.

ಮುಂದಿನ ಬಾರಿ ಸೆಟ್ ಬಾಡಿಗೆಗೆ ತರುವಾಗ ಅಂಗಡಿಯವರನ್ನು ಇಷ್ಟು ಕೇಳಿ: ಟರ್ಮಿನೇಷನ್ ಎಲ್ಲಿದೆ, ಆಫ್ ಮಾಡಲು ಬರುತ್ತದೆಯೇ? "ಅದೆಲ್ಲ ಆಟೋಮ್ಯಾಟಿಕ್ ಸಾರ್" ಎಂದರೆ ನಂಬಬೇಡಿ, ಕೈಪಿಡಿಯಲ್ಲಿ ಆ ಪುಟ ತೋರಿಸಲು ಹೇಳಿ. ಉತ್ತರ ಸಿಕ್ಕ ಮೇಲೆ ಅದನ್ನು ಚೀಟಿಯಲ್ಲಿ ಬರೆದು ಮಾಸ್ಟರ್ ಪೆಟ್ಟಿಗೆಯ ಮೇಲೆ ಅಂಟಿಸಿ, ಮೂರನೆಯ ಬೆಲ್ಲಿಗೆ ಐದು ನಿಮಿಷ ಇರುವಾಗ ಇನ್ನೊಬ್ಬರು ಸಹಾಯ ಮಾಡಲು ಪೆಟ್ಟಿಗೆ ಹೊತ್ತು ತಂದರೆ ತೋರಿಸಲು ಬೇಕಾಗುತ್ತದೆ.