ಬೇಕು ಒಂದೇ, ಇಂಗ್ಲಿಷಿನಲ್ಲಿ ಮೂರು ಯಾಕೆ?

ಪ್ರಶ್ನೆ: ಮಸ್ಟ್, ಶುಡ್, ಹ್ಯಾವ್ ಟು, ಮೂರಕ್ಕೂ ಕನ್ನಡದಲ್ಲಿ 'ಬೇಕು' ತಾನೆ? ಆಫೀಸಿನ ಮೇಲ್‌ನಲ್ಲಿ ಯಾವಾಗ ಯಾವುದನ್ನು ಬರೆಯಬೇಕು?
– ಡೊಂಬಿವಲಿಯ ಓದುಗರೊಬ್ಬರು

ಹೌದು, ಮೂರೂ 'ಬೇಕು'ಗಳೇ. ಆದರೆ 'ಬೇಕು' ಅಂತ ಪಟ್ಟು ಹಿಡಿದವರು ಯಾರು? ಅದನ್ನು ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ನಾನಿದನ್ನು ಕಲಿತದ್ದು ಫಜೀತಿ ಪಟ್ಟು. ಮುಂಬೈಗೆ ಬಂದ ಹೊಸತರಲ್ಲಿ ಫೋರ್ಟ್ ಕಡೆಯ ಒಂದು ಆಫೀಸಿನಲ್ಲಿದ್ದೆ. 'ಸಂಜೆಯೊಳಗೆ ತಾವು ಸಹಿ ಮಾಡಬೇಕು' ಅಂತ ಮನಸ್ಸಿನಲ್ಲಿ ವಿನಯವಾಗಿಯೇ ಅಂದುಕೊಂಡು, 'ಯೂ ಮಸ್ಟ್ ಸೈನ್ ದಿಸ್ ಟುಡೇ' ಅಂತ ಚೀಟಿ ಬರೆದು ಫೈಲಿಗೆ ಅಂಟಿಸಿದೆ. ಸಾಹೇಬರು ಫೈಲ್ ಹಿಡಿದು ನನ್ನ ಮೇಜಿನ ಹತ್ತಿರವೇ ಬಂದರು. 'ಹುಕುಂ ಬಂತು, ನೋಡಿದೆ' ಅಂದರು ಮರಾಠಿಯಲ್ಲಿ. ಸಹಿ ಆಗಿದ್ದು ಮರುದಿನ.

ನಮಗೆ ನೀನು ಬೇರೆ, ನೀವು ಬೇರೆ. ಇಂಗ್ಲಿಷಿನ 'ಯೂ'ಗೆ ಎಲ್ಲರೂ ಒಂದೇ. ಹಾಗಾಗಿ ಅಲ್ಲಿ ಮರ್ಯಾದೆಯನ್ನು ಪಕ್ಕದ ಸಣ್ಣ ಪದವೇ ಹೊರಬೇಕು. ಮಸ್ಟ್ ಅಂದರೆ ಹೇಳುವವರದೇ ಒತ್ತಾಯ. ಮೇಲಿನವರಿಗೆ 'ಕುಡ್ ಯೂ ಪ್ಲೀಸ್ ಸೈನ್' ಅಂತ ಕೇಳುವುದೇ ಸರಿ. ಶುಡ್ ಬರೀ ಸಲಹೆ. ಕೇಳುವುದು ಬಿಡುವುದು ಅವರಿಷ್ಟ. ಹ್ಯಾವ್ ಟು ಅಂದರೆ ಹೊರಗಿನ ಕಟ್ಟುಪಾಡು. ಠಾಣೆಯಿಂದ ಮಾಟುಂಗಾಕ್ಕೆ ಹೋಗಲು ಸ್ಲೋ ಲೋಕಲನ್ನೇ ಹತ್ತಬೇಕು, ಫಾಸ್ಟ್ ಅಲ್ಲಿ ನಿಲ್ಲುವುದಿಲ್ಲ (ಹಳಿ ದುರಸ್ತಿಗೆಂದು ರೈಲುಗಳ ದಾರಿ ಬದಲಿಸುವ ಭಾನುವಾರದ ಮೆಗಾಬ್ಲಾಕ್ ಮಾತು ಬಿಡಿ). 'ಯೂ ಹ್ಯಾವ್ ಟು ಟೇಕ್ ಅ ಸ್ಲೋ ಲೋಕಲ್' ಅಂದರೆ ಯಾರಿಗೂ ಬೇಜಾರಿಲ್ಲ.

ಜಾಸ್ತಿ ಜನ ಎಡವುವುದು 'ಇಲ್ಲ' ಸೇರಿದಾಗ. 'ಶನಿವಾರ ನೀವು ಬರಬೇಕಾಗಿಲ್ಲ' ಅನ್ನಲು ನಮ್ಮ ಗೆಳೆಯರೊಬ್ಬರು ಹೊಸ ಹುಡುಗಿಗೆ 'ಯೂ ಮಸ್ಟ್ ನಾಟ್ ಕಮ್' ಅಂತ ಬರೆದರು. ಪಾಪ, ತನ್ನಿಂದ ಏನು ತಪ್ಪಾಯಿತೋ ಅಂತ ಅವಳು ಹೆದರಿದಳು. ಮಸ್ಟ್ ನಾಟ್ ಅಂದರೆ 'ಬರಕೂಡದು'. 'ಬರಬೇಕಾಗಿಲ್ಲ' ಅನ್ನಲು 'ಡೋಂಟ್ ಹ್ಯಾವ್ ಟು'. ಕನ್ನಡದಲ್ಲಿ ಈ ಎರಡನ್ನು ಯಾರೂ ಅದಲುಬದಲು ಮಾಡುವುದಿಲ್ಲ, ಅಲ್ವಾ? ಬರೆಯುವ ಮುಂಚೆ ಮನಸ್ಸಿನಲ್ಲೇ ಒಮ್ಮೆ ಕನ್ನಡದಲ್ಲಿ ಹೇಳಿಕೊಳ್ಳಿ.

ನಿನ್ನೆಯ ಮಾತಿಗೂ ಇದೇ ಉಪಾಯ. 'ಹೋಗಬೇಕಾಯಿತು' ಅಂದರೆ ಹೋಗಿದ್ದೀರಿ: 'ಐ ಹ್ಯಾಡ್ ಟು ಗೋ'. 'ಹೋಗಬೇಕಿತ್ತು' ಅಂದರೆ ಹೋಗಲಿಲ್ಲ, ಈಗ ಕೈ ಹಿಸುಕಿಕೊಳ್ಳುತ್ತಿದ್ದೀರಿ: 'ಐ ಶುಡ್ ಹ್ಯಾವ್ ಗಾನ್'. ಇಂಥ ಕಡೆ ಮಸ್ಟ್ ಕೈಕೊಡುತ್ತದೆ. ಅದು ಹುಟ್ಟಿದ್ದೇ ಹಳೆಯ ಇಂಗ್ಲಿಷಿನ ಒಂದು ಕ್ರಿಯಾಪದದ ಭೂತಕಾಲವಾಗಿ. ಆಮೇಲೆ ವರ್ತಮಾನಕ್ಕೆ ಜಾರಿತು, ಹಿಂದಕ್ಕೆ ಹೋಗಲು ಬೇರೆ ರೂಪ ಉಳಿಯಲಿಲ್ಲ.

ವ್ಯಾಕರಣ ಸ್ವಲ್ಪವೇ. ಮಸ್ಟ್, ಶುಡ್ ಆದಮೇಲೆ 'ಟು' ಹಾಕಬೇಡಿ. 'ಮಸ್ಟ್ ಟು ಗೋ' ತಪ್ಪು. ಹೀ, ಶೀ ಬಂದರೂ ಇವು ಬದಲಾಗುವುದಿಲ್ಲ. ಹ್ಯಾವ್ ಟು ಮಾತ್ರ ಹ್ಯಾಸ್ ಟು ಆಗುತ್ತದೆ.

ಇನ್ನೊಂದು ಕಡೆ ಎರಡೂ ಭಾಷೆ ಹೆಗಲ ಮೇಲೆ ಕೈ ಹಾಕಿಕೊಂಡೇ ನಡೆಯುತ್ತವೆ. ರಾತ್ರಿ ಹತ್ತಾದರೂ ಮಗ ಮನೆಗೆ ಬಂದಿಲ್ಲ. 'ಟ್ರೇನ್ ಲೇಟಾಗಿರಬೇಕು' ಅನ್ನುತ್ತೇವೆ. ಇಂಗ್ಲಿಷಿನವರೂ ಹಾಗೇ: 'ದ ಟ್ರೇನ್ ಮಸ್ಟ್ ಬಿ ಲೇಟ್'. ಇದು ಬರೀ ಊಹೆ. ಈ ಮಸ್ಟನ್ನು ಸಾಹೇಬರ ಮುಂದೂ ಧಾರಾಳವಾಗಿ ಬಳಸಿ.