ಬಿಳಿ ಮಚ್ಚೆಯೊಳಗೆ ಕಪ್ಪು ಚುಕ್ಕಿ ಕಂಡರೆ

ಜಗಳೂರು ಕಡೆಯ ಒಬ್ಬ ತಾಯಿ ಮಗಳನ್ನು ದಾವಣಗೆರೆಯ ನಮ್ಮ ಕ್ಲಿನಿಕ್ಕಿಗೆ ಕರೆತಂದಿದ್ದರು. ಹುಡುಗಿಯ ಮೊಣಕಾಲಿನ ಮೇಲೆ, ಬೆರಳ ತುದಿಗಳಲ್ಲಿ ಹಾಲಿನಂಥ ಬಿಳಿ ಮಚ್ಚೆ. ಮೊಸರು, ಹುಣಸೆಹುಳಿ, ಮಂಡಕ್ಕಿ ಮಿರ್ಚಿ ಎಲ್ಲ ಬಿಡಿಸಿ ಆರು ತಿಂಗಳಾಗಿತ್ತು. "ಮೀನು ತಿಂದು ಹಾಲು ಕುಡಿದ್ರೆ ತೊನ್ನು ಬರುತ್ತಂತಲ್ಲ ಡಾಕ್ಟ್ರೇ, ನಾವು ಮೀನು ಮುಟ್ಟೋರೇ ಅಲ್ಲ, ನಮಗ್ಯಾಕೆ ಬಂತು?" ಎಂದರು ತಾಯಿ. ಉತ್ತರ ಅವರ ಪ್ರಶ್ನೆಯಲ್ಲೇ ಇತ್ತು, ಅಲ್ವಾ?

ಚರ್ಮಕ್ಕೆ ಬಣ್ಣ ಕೊಡುವುದು ಮೆಲನೋಸೈಟ್ ಎಂಬ ಜೀವಕೋಶ. ರೋಗಾಣುಗಳ ಮೇಲೆ ಬೀಳಬೇಕಾದ ನಮ್ಮದೇ ಬಿಳಿ ರಕ್ತಕಣಗಳು ದಾರಿ ತಪ್ಪಿ ಈ ಕೋಶಗಳನ್ನು ಕೊಲ್ಲುತ್ತವೆ. ಅದೇ ತೊನ್ನು. ಊಟಕ್ಕೂ ಇದಕ್ಕೂ ಸಂಬಂಧವಿಲ್ಲ. ಮುಟ್ಟಿದರೆ ಅಂಟುವುದಿಲ್ಲ. ಕುಷ್ಠವೂ ಅಲ್ಲ; ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಮಂಕಾಗುತ್ತದೆ, ತೊನ್ನಿನಲ್ಲಿ ಸ್ಪರ್ಶ ಸರಿಯಾಗಿಯೇ ಇರುತ್ತದೆ. ತೊನ್ನು ಇರುವವರಲ್ಲಿ ಥೈರಾಯ್ಡ್ ತೊಂದರೆ ಜಾಸ್ತಿ, ಹಾಗಾಗಿ ಆ ರಕ್ತಪರೀಕ್ಷೆ ಬರೆದುಕೊಡುತ್ತೇನೆ.

ಹಣೆಯ ನಡುವೆ ದುಂಡಗೆ ಬಿಳಿಯಾಗಿದ್ದರೆ ನನ್ನ ಮೊದಲ ಅನುಮಾನ ಸ್ಟಿಕ್ಕರ್ ಮೇಲೆ. ಕೆಲವು ಸ್ಟಿಕ್ಕರ್‌ಗಳ ಅಂಟಿನಲ್ಲಿರುವ ಪ್ಯಾರಾ ಟರ್ಷರಿ ಬ್ಯುಟೈಲ್ ಫಿನಾಲ್ ಬಣ್ಣದ ಕೋಶಗಳಿಗೆ ವಿಷ. ಪಾದದ ಮೇಲೆ ಪಟ್ಟಿಯ ಆಕಾರದಲ್ಲೇ ಬಿಳಿಯಾಗಿದ್ದರೆ ರಬ್ಬರ್ ಚಪ್ಪಲಿ ತೋರಿಸಿ ಎನ್ನುತ್ತೇನೆ. ಮೊದಲು ಅದನ್ನು ಬಿಡಬೇಕು, ಔಷಧಿ ಆಮೇಲೆ.

ಆ ಹುಡುಗಿಯದು ಅಂಥದ್ದಲ್ಲ. ಅವಳಿಗೆ ಹಚ್ಚಲು ಟ್ಯಾಕ್ರೋಲಿಮಸ್ ಮುಲಾಮು ಕೊಟ್ಟು, ವಾರಕ್ಕೆರಡು ಸಲ ನ್ಯಾರೋಬ್ಯಾಂಡ್ ಯುವಿಬಿ ಎಂಬ ನೇರಳಾತೀತ ಬೆಳಕಿನ ಚಿಕಿತ್ಸೆ ಶುರು ಮಾಡಿದೆ. "ನಮ್ಮೂರ ಬಿಸಿಲು ಸಾಲದಾ?" ಎಂದು ಕೇಳುವವರಿದ್ದಾರೆ. ಸಾಲದು. ಯಂತ್ರದಿಂದ ಬರುವುದು ಹೆಚ್ಚುಕಮ್ಮಿ 311 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಮಾತ್ರ, ಅದೂ ಅಳತೆಯಲ್ಲಿ. ಬಾವಂಚಿ ಬೀಜ ಅರೆದು ಹಚ್ಚಿ ಏಪ್ರಿಲ್ ಬಿಸಿಲಿಗೆ ಕೂತು ಬೊಬ್ಬೆ ಎಬ್ಬಿಸಿಕೊಂಡವರನ್ನು ನೋಡಿದ್ದೇನೆ. ಸುಟ್ಟ ಜಾಗದಲ್ಲೇ ಹೊಸ ಮಚ್ಚೆ ಏಳಬಹುದು. ಮೆಡಿಕಲ್ ಶಾಪಿನಿಂದ ತಾವೇ ಸ್ಟೀರಾಯ್ಡ್ ಟ್ಯೂಬ್ ತಂದು ತಿಂಗಳುಗಟ್ಟಲೆ ತಿಕ್ಕುವವರ ಚರ್ಮ ಕಾಗದದಂತೆ ತೆಳುವಾಗುತ್ತದೆ. ಅಮೆರಿಕದಲ್ಲಿ 2022ರಲ್ಲಿ ತೊನ್ನಿಗೆಂದು ಒಪ್ಪಿಗೆ ಪಡೆದ ರುಕ್ಸೋಲಿಟಿನಿಬ್ ಮುಲಾಮಿನ ಬಗ್ಗೆ ಈಗ ಮೊಬೈಲಿನಲ್ಲಿ ಓದಿಕೊಂಡೇ ಬರುತ್ತಾರೆ. ಒಳ್ಳೆಯ ಔಷಧಿಯೇ, ಆದರೆ ಅದಕ್ಕೂ ತಿಂಗಳುಗಳೇ ಬೇಕು.

ಮೂರನೇ ತಿಂಗಳು ಲೆನ್ಸ್ ಹಿಡಿದು ಮೊಣಕಾಲು ನೋಡಿದೆ. ಬಿಳಿಯ ನಡುವೆ ರಾಗಿಕಾಳಿನಷ್ಟು ಕಂದು ಚುಕ್ಕಿಗಳು, ಒಂದೊಂದೂ ಒಂದೊಂದು ರೋಮದ ಸುತ್ತ. ಬಣ್ಣದ ಕೋಶಗಳ ಉಗ್ರಾಣ ಇರುವುದು ಕೂದಲ ಬುಡದಲ್ಲಿ. ಅಲ್ಲಿಂದ ಅವು ಹೊರಬಂದು ಹರಡುತ್ತವೆ. ರೋಮದ ಬುಡಗಳು ಹೆಚ್ಚಿರುವ ಮುಖ ಬೇಗ ತುಂಬಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಮಚ್ಚೆಯ ಮೇಲಿನ ಕೂದಲೂ ಬೆಳ್ಳಗಾಗಿದ್ದರೆ ಉಗ್ರಾಣವೇ ಖಾಲಿ ಎಂದರ್ಥ. ಬೆರಳ ತುದಿಯಲ್ಲಂತೂ ರೋಮವೇ ಇಲ್ಲ. ಮಚ್ಚೆ ಒಂದು ವರ್ಷ ಹಬ್ಬದೆ ನಿಂತರೆ ತೊಡೆಯ ಚರ್ಮದಿಂದ ಕೋಶ ತೆಗೆದು ಕಸಿ ಮಾಡಬಹುದು, ಆದರೆ ಬೆರಳ ತುದಿಯಲ್ಲಿ ಅದೂ ಅಷ್ಟಾಗಿ ಹಿಡಿಯುವುದಿಲ್ಲ. ಇದನ್ನು ಮೊದಲ ದಿನವೇ ಹೇಳಿಬಿಡುತ್ತೇನೆ.

ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಬಸ್ ಚಾರ್ಜಿನಿಂದ. ವಾರಕ್ಕೆರಡು ಸಲ ಕೂಲಿ ಬಿಟ್ಟು ಬರುವುದು ಸುಮ್ನೆ ಮಾತಲ್ಲ. ಈ ತಾಯಿ ಬಂದರು. ಎಂಟನೇ ತಿಂಗಳಿಗೆ ಮೊಣಕಾಲಿನ ಚುಕ್ಕಿಗಳು ಕೂಡಿಕೊಂಡವು. ಬೆರಳು ಹಾಗೇ ಇದೆ. ಮದುವೆಗೆ ತೊಂದರೆ ಆಗುತ್ತದಾ ಎಂದು ಅಮ್ಮ ಇನ್ನೂ ಕೇಳುತ್ತಾರೆ. ಮಗಳು ಮಾತ್ರ ಆಗಲೇ ಮಿರ್ಚಿ ತಿಂದುಕೊಂಡು ಬಂದಿರುತ್ತಾಳೆ.