ಸರ್ಪಗಂಧಿಯ ಬೇರು, ಪುಂಡಿಯ ಸೊಪ್ಪು

ಕೊಪ್ಪಳ, ರಾಯಚೂರಿನ ಸಂತೆಗಳಲ್ಲಿ ಪುಂಡಿ ಪಲ್ಲೆಯ ಸೂಡು ಕೊಳ್ಳುವಾಗ, ಇದು ಬಿಪಿಗೆ ಒಳ್ಳೆಯದು ಎಂಬ ಮಾತು ಕಿವಿಗೆ ಬೀಳುವುದುಂಟು. ಮಾತು ಪೂರ್ತಿ ಸುಳ್ಳಲ್ಲ. ಆದರೆ ಗಿಡದ ಗುಣವೊಂದು ಔಷಧವಾಗುವ ದಾರಿ ಎಂಥದ್ದೆಂಬುದು ಸರ್ಪಗಂಧಿ ಎಂಬ ಗಿಡದ ಇತಿಹಾಸ ನೋಡಿದರೆ ತಿಳಿಯುತ್ತದೆ.

ಹಾವಿನ ಕಡಿತಕ್ಕೂ ಉನ್ಮಾದಕ್ಕೂ ನಾಡವೈದ್ಯರು ಕೊಡುತ್ತಿದ್ದ ಆ ಬೇರು ರಕ್ತದೊತ್ತಡವನ್ನೂ ತಗ್ಗಿಸುತ್ತದೆಂದು ಕೋಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಬರೆದರು. ಅದೇ ಹೊತ್ತಿಗೆ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಬೇರಿನಲ್ಲಿರುವ ಆಲ್ಕಲಾಯ್ಡ್ ಎಂಬ ಪ್ರಬಲ ರಾಸಾಯನಿಕಗಳನ್ನು ಬೇರ್ಪಡಿಸಿ, ಒಂದಕ್ಕೆ ಯುನಾನಿ ವೈದ್ಯ ಹಕೀಂ ಅಜ್ಮಲ್ ಖಾನರ ಹೆಸರಿಟ್ಟರು. ಹೊರದೇಶಗಳು ಇತ್ತ ಗಮನ ಕೊಟ್ಟದ್ದು ಮಾತ್ರ 1949ರಲ್ಲಿ, ಮುಂಬಯಿಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲ್ 50 ರೋಗಿಗಳಿಗೆ ಬೇರಿನ ಚಿಕಿತ್ಸೆ ನೀಡಿ ಕಂಡದ್ದನ್ನು ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಆ ಬೇರಿನಿಂದ ರಿಸರ್ಪಿನ್ ಎಂಬ ಔಷಧಾಂಶ ತೆಗೆದರು. ನರಗಳ ತುದಿಯಲ್ಲಿ ಕೂಡಿಟ್ಟ, ರಕ್ತನಾಳಗಳನ್ನು ಬಿಗಿಗೊಳಿಸುವ ನಾರ್‌ಅಡ್ರಿನಲಿನ್ ಇದರಿಂದ ಬರಿದಾಗುತ್ತದೆ, ರಕ್ತನಾಳಗಳು ಸಡಿಲಗೊಂಡು ಒತ್ತಡ ಇಳಿಯುತ್ತದೆ. ಮಿದುಳಿನಲ್ಲೂ ಇದೇ ನಡೆಯುವುದರಿಂದ ಮಂಪರು ಕವಿಯುತ್ತಿತ್ತು. ಮೂಗಿನೊಳಗಿನ ರಕ್ತನಾಳಗಳೂ ಸಡಿಲಗೊಂಡು ಮೂಗು ಕಟ್ಟುತ್ತಿತ್ತು. ಪ್ರಮಾಣ ಹೆಚ್ಚಿದವರಲ್ಲಿ ಖಿನ್ನತೆಯ ದೂರುಗಳೂ ಬಂದವು. ಬೇರೆ ಮಾತ್ರೆಗಳು ಬಂದಂತೆ ರಿಸರ್ಪಿನ್ ಹಿಂದೆ ಸರಿಯಿತು.

ಪುಂಡಿಯ ವಿಚಾರ ಇನ್ನೂ ಅಷ್ಟು ದೂರ ಸಾಗಿಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 65 ಜನರಿದ್ದರು. ಕೆಂಪು ಪುಂಡಿಯ ಕಾಯಿಯನ್ನು ಸುತ್ತಿಕೊಂಡಿರುವ ದಪ್ಪ ಎಸಳುಗಳನ್ನು ಒಣಗಿಸಿ ಮಾಡಿದ ಚಹಾವನ್ನು ದಿನಕ್ಕೆ 3 ಕಪ್‌ನಂತೆ 6 ವಾರ ಕುಡಿದವರಲ್ಲಿ ಮೇಲಿನ ಬಿಪಿ ಸರಾಸರಿ 7.2 ಅಂಕ ಇಳಿಯಿತು. ಹುಸಿ ಪಾನೀಯ ಕುಡಿದವರಲ್ಲಿ ಇಳಿದದ್ದು 1.3. ಎಸಳಿಗೆ ಬಣ್ಣ ಕೊಡುವ ಆಂಥೋಸಯನಿನ್‌ಗಳು, ರಕ್ತನಾಳಗಳನ್ನು ಬಿಗಿಗೊಳಿಸುವ ವ್ಯವಸ್ಥೆಯ ಎಸಿಇ ಕಿಣ್ವವನ್ನು ಪ್ರಯೋಗಾಲಯದಲ್ಲಿ ತಡೆಯುತ್ತವೆ. ಆದರೆ ಆ 65 ಜನರಲ್ಲಿ ಯಾರೂ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ, ಅವರ ಒತ್ತಡವೂ ತುಸುವೇ ಏರಿತ್ತು. ದಿನವೂ ಮಾತ್ರೆ ನುಂಗುವವರು ಅದನ್ನು ಬಿಡಲು ಈ ಲೆಕ್ಕ ಆಧಾರವಾಗದು.

ಇನ್ನೊಂದು ತೊಡಕೂ ಇದೆ. ನಮ್ಮಲ್ಲಿ ಪುಂಡಿಯೆಂದರೆ ಒಂದೇ ಗಿಡವಲ್ಲ. ನಾರು ತೆಗೆದು ಹಗ್ಗ ಹೊಸೆಯುವ ಪುಂಡಿ ಬೇರೆ, ಕೆಂಪು ಎಸಳಿನದು ಬೇರೆ. ಅಲ್ಲದೆ ನಾವು ತಿನ್ನುವುದು ಎಸಳಿನ ಕಷಾಯವನ್ನಲ್ಲ, ಜೋಳದ ನುಚ್ಚು ಹಾಕಿ ಕುದಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಸೊಪ್ಪನ್ನು. ಕೆಂಪು ಮೆಣಸಿನಕಾಯಿಯೊಂದಿಗೆ ಕುಟ್ಟಿದ ಪುಂಡಿ ಚಟ್ನಿಗೆ, ಹೆಚ್ಚು ದಿನ ಕೆಡದಿರಲೆಂದು, ಉಪ್ಪು ಧಾರಾಳವಾಗಿಯೇ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ಇಡೀ ದಿನಕ್ಕೆ ಹೇಳುವ ಮಿತಿ 5 ಗ್ರಾಂ, ಅಂದರೆ ಒಂದು ಟೀ ಚಮಚ.